ಐವತ್ತು ಮೀಟರಿನ ಗುರುತು: ವಿಮಾನ ಚಾಲಕರ ಹಾರಾಟ ಪರೀಕ್ಷೆ ನಡೆದು ಬಂದ ದಾರಿ

ದ್ವಿಚಕ್ರ ವಾಹನದ ಲೈಸೆನ್ಸ್ ಪಡೆಯಲು ಆರ್‌ಟಿಓ ಮೈದಾನಕ್ಕೆ ಹೋದವರೆಲ್ಲ ಕನ್ನಡ ಅಂಕಿಯ ‘೪’ನ್ನಲ್ಲ, ಇಂಗ್ಲಿಷ್ ಅಂಕಿಯ ‘8’ನ್ನು ನೆಲದ ಮೇಲೆ ಬರೆದು ಬಂದವರೇ. ಕಾಲು ನೆಲಕ್ಕೆ ತಾಗದಂತೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿ ತೋರಿಸಬೇಕು. ವಿಮಾನ ಚಾಲಕರ ಪರೀಕ್ಷೆಯೂ ಸುಮಾರು ಇದೇ ಬಗೆಯಲ್ಲಿ ಆರಂಭವಾಯಿತೆಂದರೆ ಆಶ್ಚರ್ಯವಾಗಬಹುದು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಯೂರೋಪಿನ ವೈಮಾನಿಕನು ಎರಡು ಕಂಬಗಳ ಸುತ್ತ ಆಕಾಶದಲ್ಲಿ ‘8’ ಬರೆದು ತೋರಿಸಿದರೆ ಮಾತ್ರ ಅವನಿಗೆ ಪ್ರಮಾಣಪತ್ರ ಸಿಗುತ್ತಿತ್ತು!

ನಮ್ಮ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಿಂದ ಪದವಿಪೂರ್ವ ತರಗತಿಗೆ ಬರುವ ಕೆಲವು ವಿದ್ಯಾರ್ಥಿಗಳು ‘ಪೈಲಟ್ ಆಗಲು ಏನು ಓದಬೇಕು ಸಾರ್?’ ಎಂದು ಕೇಳುವುದುಂಟು. 2023ರ ಫೆಬ್ರವರಿ 27ರಂದು ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ ಈ ಪ್ರಶ್ನೆ ಹೆಚ್ಚಾಗಿದೆ. ಏನು ಓದಬೇಕೆಂಬುದಕ್ಕೆ ಉತ್ತರ ಸುಲಭ. ಆದರೆ ಓದಿದ್ದೆಲ್ಲ ಪರೀಕ್ಷೆಗೆ ಒಳಗಾಗುವುದು ಕಾಕ್‌ಪಿಟ್ಟಿನಲ್ಲಿ, ಪಕ್ಕದಲ್ಲಿ ಪರೀಕ್ಷಕರು ಕುಳಿತಿರುವಾಗ. ಆ ಪರೀಕ್ಷೆ ಹೇಗೆ ರೂಪುಗೊಂಡಿತು, ಅದರ ದಿನವನ್ನು ಹೇಗೆ ಗೊತ್ತುಪಡಿಸುತ್ತಾರೆ, ಅದಕ್ಕೆ ಸಿದ್ಧತೆ ಎಂದರೆ ಏನು ಎಂಬುದನ್ನು ತಿಳಿದರೆ ಭೌತವಿಜ್ಞಾನದ ಪಾಠಗಳಿಗೂ ಹೊಸ ಅರ್ಥ ಬರುತ್ತದೆ.

ಪರೀಕ್ಷಕರು ನೆಲದ ಮೇಲೆ ನಿಂತಿದ್ದ ಕಾಲ

ರೈಟ್ ಸಹೋದರರು 1903ರಲ್ಲಿ ಹಾರಿದಾಗ ಅವರನ್ನು ಪರೀಕ್ಷಿಸಲು ಯಾರೂ ಇರಲಿಲ್ಲ. ಲೈಸೆನ್ಸ್ ನೀಡುವ ಪದ್ಧತಿ ಸರ್ಕಾರಗಳಿಂದಲ್ಲ, ಹವ್ಯಾಸಿಗಳ ಕ್ಲಬ್ಬುಗಳಿಂದ ಬಂತು. ಫ್ರಾನ್ಸಿನ ಏರೋ ಕ್ಲಬ್ 1909ರಲ್ಲಿ ಪ್ರಮಾಣಪತ್ರಗಳನ್ನು ನೀಡತೊಡಗಿತು. ಮೊದಲನೆಯ ಸಂಖ್ಯೆಯ ಪತ್ರ ಲೂಯಿ ಬ್ಲೆರಿಯೋಗೆ ಸಂದಿತು. ಇಂಗ್ಲೆಂಡಿನ ರಾಯಲ್ ಏರೋ ಕ್ಲಬ್ 1910ರ ಮಾರ್ಚಿಯಲ್ಲಿ ತನ್ನ ಮೊದಲನೆಯ ಪತ್ರವನ್ನು ಮೂರ್ ಬ್ರಾಬಝನ್ ಅವರಿಗೆ ನೀಡಿತು.

ಅಂತರರಾಷ್ಟ್ರೀಯ ವೈಮಾನಿಕ ಒಕ್ಕೂಟವು 1911ರ ಹೊತ್ತಿಗೆ ಗೊತ್ತುಪಡಿಸಿದ ಪರೀಕ್ಷೆಯಲ್ಲಿ ಮೂರು ಅಂಶಗಳಿದ್ದವು. ಮೊದಲನೆಯದು, 500 ಮೀಟರಿಗಿಂತ ಹೆಚ್ಚು ಅಂತರವಿಲ್ಲದ ಎರಡು ಕಂಬಗಳ ಸುತ್ತ ‘8’ರ ಆಕಾರದಲ್ಲಿ ಸುತ್ತುತ್ತ ತಲಾ 5 ಕಿ.ಮೀ.ಗಳ ಎರಡು ಹಾರಾಟ. ಎರಡನೆಯದು, ಕನಿಷ್ಠ 50 ಮೀಟರ್ ಎತ್ತರಕ್ಕೆ ಏರುವುದು. ಮೂರನೆಯದು, ನೆಲ ಮುಟ್ಟುವ ಹೊತ್ತಿಗೆ ಎಂಜಿನ್ ನಿಲ್ಲಿಸಿ, ಮೊದಲೇ ಗುರುತು ಮಾಡಿದ ಬಿಂದುವಿನಿಂದ 50 ಮೀಟರಿನೊಳಗೆ ವಿಮಾನವನ್ನು ನಿಲ್ಲಿಸುವುದು. ಪರೀಕ್ಷಕರು ಮೈದಾನದಲ್ಲಿ ನಿಂತು ನೋಡುತ್ತಿದ್ದರು. ಅಂದಿನ ವಿಮಾನಗಳ ಬಲವೇ ಅಷ್ಟು. ಇನ್ನೊಬ್ಬರನ್ನು ಹೊತ್ತು ಹಾರುವುದೇ ಕಷ್ಟವಾಗಿತ್ತು.

ಮೊದಲನೆಯ ಮಹಾಯುದ್ಧದ ನಂತರ 1919ರ ಪ್ಯಾರಿಸ್ ಒಪ್ಪಂದವು ಈ ನಿಯಮಗಳನ್ನು ದೇಶದೇಶಗಳ ನಡುವಿನ ಕಾನೂನಾಗಿಸಿತು. ಆಗಲೂ ಅಭ್ಯರ್ಥಿ ವಿಮಾನದಲ್ಲಿ ಒಬ್ಬನೇ ಇರಬೇಕಿತ್ತು. ‘8’ ಉಳಿಯಿತು. ಅದರೊಂದಿಗೆ, 1500 ಮೀಟರ್ ಎತ್ತರದಲ್ಲಿ ಎಂಜಿನ್ ನಿಲ್ಲಿಸಿ, ಮತ್ತೆ ಚಾಲೂ ಮಾಡದೆ ತೇಲಿಕೊಂಡು ಬಂದು, ಗೊತ್ತಾದ ಜಾಗದಿಂದ 150 ಮೀಟರಿನೊಳಗೆ ಇಳಿಯುವ ಪರೀಕ್ಷೆ ಸೇರಿತು.

ಈ ಹಳೆಯ ಪರೀಕ್ಷೆಯಲ್ಲಿ ಅಡಗಿರುವ ಭೌತವಿಜ್ಞಾನವನ್ನು ನೋಡೋಣ. ವಿಮಾನ ತಿರುಗಬೇಕಾದರೆ ಒಂದು ಪಕ್ಕಕ್ಕೆ ವಾಲಬೇಕು. ಆಗ ರೆಕ್ಕೆಯ ಎತ್ತುಬಲವೂ ವಾಲುತ್ತದೆ. ಅದರ ಒಂದು ಘಟಕ ತಿರುವಿಗೆ ಬೇಕಾದ ಕೇಂದ್ರಾಭಿಮುಖ ಬಲವನ್ನು ಕೊಡುತ್ತದೆ; ಇನ್ನೊಂದು ಘಟಕ ಮಾತ್ರ ತೂಕವನ್ನು ಹೊರುತ್ತದೆ. ಎತ್ತರ ಕಳೆದುಕೊಳ್ಳದಿರಲು ಒಟ್ಟು ಎತ್ತುಬಲವನ್ನು ಹೆಚ್ಚಿಸಬೇಕು. 45 ಡಿಗ್ರಿ ವಾಲಿದಾಗ ರೆಕ್ಕೆಗಳು ತೂಕದ 1.41 ಪಟ್ಟು, 60 ಡಿಗ್ರಿ ವಾಲಿದಾಗ 2 ಪಟ್ಟು ಹೊರೆ ಹೊರುತ್ತವೆ. ಎತ್ತುಬಲವು ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ವಿಮಾನ ‘ಸ್ಟಾಲ್’ ಆಗುವ, ಎಂದರೆ ರೆಕ್ಕೆ ಎತ್ತುಬಲ ಕಳೆದುಕೊಳ್ಳುವ ವೇಗವು 45 ಡಿಗ್ರಿಯಲ್ಲಿ ಶೇಕಡ 19ರಷ್ಟೂ 60 ಡಿಗ್ರಿಯಲ್ಲಿ ಶೇಕಡ 41ರಷ್ಟೂ ಏರುತ್ತದೆ. ನೇರ ಹಾರಾಟದಲ್ಲಿ ಸುರಕ್ಷಿತವಾದ ವೇಗವೇ ತಿರುವಿನಲ್ಲಿ ಪ್ರಾಣಾಪಾಯಕಾರಿಯಾಗಬಹುದು. ‘8’ ಬರೆದು ತೋರಿಸು ಎಂದು ಕೇಳಿದವರು ಈ ಸಮೀಕರಣವನ್ನು ಬರೆಯದೆಯೇ ಪರೀಕ್ಷಿಸುತ್ತಿದ್ದರು!

ಸುರುಳಿ ಬೀಳುವುದನ್ನು ಕಲಿಸಿದವರು

ಸ್ಟಾಲ್ ಆದ ವಿಮಾನದ ಒಂದು ರೆಕ್ಕೆ ಇನ್ನೊಂದಕ್ಕಿಂತ ಮೊದಲು ಕುಸಿದರೆ ಅದು ಬುಗುರಿಯಂತೆ ಸುತ್ತುತ್ತ ಕೆಳಗಿಳಿಯುತ್ತದೆ. ಇದೇ ‘ಸ್ಪಿನ್’. ಆರಂಭದ ವರ್ಷಗಳಲ್ಲಿ ಸ್ಪಿನ್ನಿಗೆ ಸಿಲುಕಿದವರು ಬದುಕುವುದು ಅಪರೂಪವಾಗಿತ್ತು. 1912ರ ಆಗಸ್ಟಿನಲ್ಲಿ ಇಂಗ್ಲೆಂಡಿನ ವಿಲ್ಫ್ರೆಡ್ ಪಾರ್ಕ್ ಎಂಬ ನೌಕಾದಳದ ಅಧಿಕಾರಿ ಸ್ಪಿನ್ನಿನಿಂದ ಹೊರಬಂದು, ತಾನು ಏನು ಮಾಡಿದೆನೆಂಬುದನ್ನು ವಿವರಿಸಿದರು. ಅದರ ಕಾರಣವನ್ನು ಶಾಸ್ತ್ರೀಯವಾಗಿ ಹುಡುಕಿದವರಲ್ಲಿ ಫ್ರೆಡರಿಕ್ ಲಿಂಡೆಮನ್ ಎಂಬ ಭೌತವಿಜ್ಞಾನಿ ಪ್ರಮುಖರು. ಫಾರ್ನ್‌ಬರೋದ ವಿಮಾನ ಕಾರ್ಖಾನೆಯಲ್ಲಿದ್ದ ಅವರು ತಾವೇ ಹಾರಲು ಕಲಿತು, 1917ರಲ್ಲಿ ಬೇಕೆಂದೇ ವಿಮಾನವನ್ನು ಸ್ಪಿನ್ನಿಗೆ ಕೆಡವಿ, ಸುತ್ತುತ್ತಿರುವಾಗಲೇ ಉಪಕರಣಗಳ ಅಳತೆಗಳನ್ನು ಗಮನಿಸಿ, ಕೆಳಗಿಳಿದು ದಾಖಲಿಸಿದರು.

ಅದೇ ವರ್ಷ ಗಾಸ್‌ಪೋರ್ಟ್‌ನಲ್ಲಿ ರಾಬರ್ಟ್ ಸ್ಮಿತ್ ಬ್ಯಾರಿ ಎಂಬ ಅಧಿಕಾರಿ ಬೋಧನೆಯ ಕ್ರಮವನ್ನೇ ಬದಲಿಸಿದರು. ಆವ್ರೋ 504 ವಿಮಾನದಲ್ಲಿ ಬೋಧಕನಿಗೂ ವಿದ್ಯಾರ್ಥಿಗೂ ಪ್ರತ್ಯೇಕ ನಿಯಂತ್ರಣಗಳು. ಇಬ್ಬರ ನಡುವೆ ಮಾತನಾಡಲು ಒಂದು ಕೊಳವೆ. ಅಪಾಯದಿಂದ ವಿದ್ಯಾರ್ಥಿಯನ್ನು ದೂರವಿಡುವ ಬದಲು, ಅಪಾಯಕ್ಕೆ ಕರೆದುಕೊಂಡು ಹೋಗಿ ಹೊರಬರುವುದನ್ನು ಕಲಿಸಬೇಕೆಂಬುದು ಅವರ ತತ್ವ. ಬೋಧಕ ಪಕ್ಕದಲ್ಲಿ ಕೂರುವಂತಾದ ಮೇಲೆ ಪರೀಕ್ಷಕರೂ ಕಾಲಕ್ರಮದಲ್ಲಿ ಮೈದಾನವನ್ನು ಬಿಟ್ಟು ವಿಮಾನದೊಳಕ್ಕೆ ಬಂದರು. ಇಂದು ಪರೀಕ್ಷಕರು ಹಾರಾಟದ ನಡುವೆ ತಾವೇ ಎಂಜಿನ್ನಿನ ಬಲ ತಗ್ಗಿಸಿ ‘ಎಂಜಿನ್ ಕೆಟ್ಟಿದೆ, ಏನು ಮಾಡುತ್ತೀರಿ?’ ಎಂದು ಕೇಳುವುದರ ಮೂಲ ಇಲ್ಲಿದೆ.

ಇನ್ನೆರಡು ಘಟನೆಗಳು ಪರೀಕ್ಷೆಯ ಸ್ವರೂಪವನ್ನು ವಿಸ್ತರಿಸಿದವು. 1929ರ ಸೆಪ್ಟೆಂಬರ್ 24ರಂದು ಅಮೆರಿಕದ ಜಿಮ್ಮಿ ಡೂಲಿಟಲ್ ಮುಚ್ಚಿದ ಕಾಕ್‌ಪಿಟ್ಟಿನಲ್ಲಿ ಕುಳಿತು, ಹೊರಗೆ ಏನನ್ನೂ ನೋಡದೆ, ಉಪಕರಣಗಳನ್ನಷ್ಟೇ ನಂಬಿ ಏರಿ, ಹಾರಿ, ಇಳಿದರು. ಮೋಡದಲ್ಲಿ ನಮ್ಮ ಒಳಗಿವಿಯ ಸಮತೋಲನ ಪ್ರಜ್ಞೆ ಸುಳ್ಳು ಹೇಳುತ್ತದೆ. ಉಪಕರಣ ಹೇಳುವುದಿಲ್ಲ ಎಂಬುದು ಇದರಿಂದ ಖಚಿತವಾಯಿತು. 1935ರ ಅಕ್ಟೋಬರ್ 30ರಂದು ಬೋಯಿಂಗ್ 299 ಎಂಬ ಹೊಸ ವಿಮಾನ ಅಮೆರಿಕದ ರೈಟ್ ಫೀಲ್ಡ್‌ನಲ್ಲಿ ಮೇಲೇರಿದ ಕೂಡಲೇ ಉರುಳಿತು. ನೆಲದ ಮೇಲೆ ಗಾಳಿಗೆ ಅಲುಗಾಡದಂತೆ ನಿಯಂತ್ರಣಗಳಿಗೆ ಹಾಕಿದ್ದ ಬೀಗವನ್ನು ತೆಗೆಯಲು ಅತ್ಯಂತ ಅನುಭವಿ ಚಾಲಕರೇ ಮರೆತಿದ್ದರು. ನೆನಪನ್ನು ನಂಬದೆ ಪಟ್ಟಿಯನ್ನು ಓದಿ ಪರಿಶೀಲಿಸುವ ಪದ್ಧತಿ ಆ ನಂತರ ನೆಲೆಗೊಂಡಿತು. ಇಂದಿನ ಪರೀಕ್ಷೆಯಲ್ಲಿ ಅಭ್ಯರ್ಥಿಯ ಮೊದಲ ಅಂಕಗಳು ನಿರ್ಧಾರವಾಗುವುದು ಎಂಜಿನ್ ಚಾಲೂ ಆಗುವ ಮೊದಲೇ, ಈ ಪಟ್ಟಿಯ ಮುಂದೆ.

ಭಾರತದಲ್ಲಿ, ಮೈಸೂರು ಸೀಮೆಯಲ್ಲಿ

ಭಾರತದಲ್ಲಿ 1927ರಲ್ಲಿ ನಾಗರಿಕ ವಿಮಾನಯಾನದ ನಿರ್ದೇಶನಾಲಯ ಆರಂಭವಾಯಿತು. ಮರುವರ್ಷದಿಂದ ದೆಹಲಿ, ಮುಂಬಯಿ, ಕರಾಚಿ, ಕಲ್ಕತ್ತಗಳಲ್ಲಿ ಹಾರಾಟದ ಕ್ಲಬ್ಬುಗಳು ತಲೆಯೆತ್ತಿದವು. 1929ರ ಫೆಬ್ರವರಿ 10ರಂದು ಜೆ.ಆರ್.ಡಿ. ಟಾಟಾ ಅವರು ಭಾರತ ಮತ್ತು ಬರ್ಮಾದ ಏರೋ ಕ್ಲಬ್ಬಿನಿಂದ ಮೊದಲನೆಯ ಸಂಖ್ಯೆಯ ಪ್ರಮಾಣಪತ್ರ ಪಡೆದರು. 1936ರಲ್ಲಿ ಸರಳಾ ಠಕ್ರಾಲ್ ಲಾಹೋರಿನ ಕ್ಲಬ್ಬಿನಲ್ಲಿ ಜಿಪ್ಸಿ ಮಾತ್ ವಿಮಾನ ಹಾರಿಸಿ ಪರವಾನಗಿ ಪಡೆದ ಮೊದಲ ಭಾರತೀಯ ಮಹಿಳೆಯರ ಸಾಲಿಗೆ ಸೇರಿದರು.

1932ರ ಅಕ್ಟೋಬರ್ 15ರಂದು ಕರಾಚಿಯಿಂದ ಮುಂಬಯಿಗೆ ಟಾಟಾ ಅವರು ಅಂಚೆ ವಿಮಾನ ತಂದದ್ದನ್ನು ಬಹಳ ಮಂದಿ ಬಲ್ಲರು. ಆ ಅಂಚೆ ಅಲ್ಲಿಂದ ಮುಂದೆ ಮದರಾಸಿಗೆ ಹೋದದ್ದು ನಮ್ಮ ಬಳ್ಳಾರಿಯ ಮೂಲಕ. ಆ ಭಾಗವನ್ನು ಹಾರಿಸಿದವರು ನೆವಿಲ್ ವಿನ್ಸೆಂಟ್. ಜಗಳೂರಿನಿಂದ ಬಳ್ಳಾರಿ ದೂರವೇನಲ್ಲ. ರೇಡಿಯೋ ನೆರವಿಲ್ಲದೆ, ನಕ್ಷೆ, ದಿಕ್ಸೂಚಿ, ಗಡಿಯಾರಗಳನ್ನಷ್ಟೇ ನಂಬಿ ಬಯಲುಸೀಮೆಯ ಆ ಮೈದಾನವನ್ನು ಹುಡುಕಿ ಇಳಿಯಬೇಕಿತ್ತು. ಮಳೆಗಾಲದಲ್ಲಿ ಮುಂಬಯಿಯ ಜುಹು ಮೈದಾನ ಕೆಸರಾಗುತ್ತಿದ್ದರಿಂದ ಹಾರಾಟವನ್ನು ಪುಣೆಗೆ ಸಾಗಿಸುತ್ತಿದ್ದರು. ವೇಳಾಪಟ್ಟಿಯನ್ನು ಕಚೇರಿಗಿಂತ ಮೊದಲು ಋತುಮಾನವೇ ಬರೆಯುತ್ತದೆ ಎಂಬ ಪಾಠ ಅಂದೇ ಕಲಿತದ್ದು.

1934ರ ವಿಮಾನ ಕಾಯಿದೆ ಮತ್ತು 1937ರ ವಿಮಾನ ನಿಯಮಗಳು ಭಾರತದ ಪರವಾನಗಿ ವ್ಯವಸ್ಥೆಗೆ ಚೌಕಟ್ಟು ಒದಗಿಸಿದವು. 90 ವರ್ಷ ಬಾಳಿದ ಆ ಕಾಯಿದೆಯ ಜಾಗಕ್ಕೆ 2024ರ ಭಾರತೀಯ ವಾಯುಯಾನ ಅಧಿನಿಯಮ ಬಂದು, 2025ರ ಜನವರಿ 1ರಿಂದ ಜಾರಿಯಲ್ಲಿದೆ. ಜಾಗತಿಕ ಮಟ್ಟದಲ್ಲಿ 1944ರ ಡಿಸೆಂಬರಿನ ಷಿಕಾಗೊ ಒಪ್ಪಂದ ಪ್ಯಾರಿಸ್ ಒಪ್ಪಂದದ ಸ್ಥಾನ ಪಡೆಯಿತು. ಚಾಲಕರ ಪರವಾನಗಿಗೆ ಸಂಬಂಧಿಸಿದ ಅದರ ಮೊದಲನೆಯ ಅನುಬಂಧ ಅಂಗೀಕಾರವಾದದ್ದು 1948ರ ಏಪ್ರಿಲಿನಲ್ಲಿ.

ಅದೇ 1948ರಲ್ಲಿ ಮೈಸೂರು ಸರ್ಕಾರ ಬೆಂಗಳೂರಿನ ಹೊರವಲಯದ ಜಕ್ಕೂರಿನಲ್ಲಿ ವಿಮಾನ ಚಾಲನಾ ತರಬೇತಿ ಶಾಲೆ ಸ್ಥಾಪಿಸಿತು. ಅದರ ಆರಂಭದ ದಿನಗಳ ನೇತೃತ್ವ ವಹಿಸಿದವರು ಕ್ಯಾಪ್ಟನ್ ವಿ. ಸುಂದರಂ. ಅವರ ಪತ್ನಿ ಉಷಾ ಸುಂದರಂ 1949ರಲ್ಲಿ ಆ ಶಾಲೆಯಿಂದ ತೇರ್ಗಡೆಯಾದ ಮೊದಲ ಮಹಿಳೆ. 1951ರಲ್ಲಿ ಈ ದಂಪತಿಗಳು ಡಿ ಹ್ಯಾವಿಲೆಂಡ್ ಡವ್ ವಿಮಾನವನ್ನು ಲಂಡನ್ನಿನಿಂದ ಮುಂಬಯಿಗೆ 27 ಗಂಟೆಗಳಲ್ಲಿ ತಂದು ದಾಖಲೆ ಮಾಡಿದರು.

ಬೆಂಗಳೂರು ತರಬೇತಿ ವಿಮಾನಗಳ ತವರೂ ಹೌದು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ, ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ವಿನ್ಯಾಸಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟಿನಲ್ಲಿ ಮೊದಲು ಹಾರಿತು. 1958ರ ಸೆಪ್ಟೆಂಬರಿನಲ್ಲಿ ಹಾರಿದ ಎರಡು ಆಸನಗಳ ‘ಪುಷ್ಪಕ’ ದೇಶದ ಕ್ಲಬ್ಬುಗಳಲ್ಲಿ ಒಂದು ತಲೆಮಾರಿನ ಚಾಲಕರನ್ನು ರೂಪಿಸಿತು. ಅದರ ಎಂಜಿನ್ನಿನ ಸಾಮರ್ಥ್ಯ 90 ಅಶ್ವಶಕ್ತಿ ಮಾತ್ರ. ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಶಾಲೆಯ ‘ಹಂಸ-3’ 2000ದಲ್ಲಿ ಪ್ರಮಾಣೀಕರಣ ಪಡೆಯಿತು. ಅದರ ಹೊಸ ಪೀಳಿಗೆಯ ವಿಮಾನ 2021ರ ಸೆಪ್ಟೆಂಬರ್ 3ರಂದು ಮೊದಲ ಹಾರಾಟ ನಡೆಸಿತು.

ದಿನ ಗೊತ್ತುಪಡಿಸುವ ಲೆಕ್ಕ

ಈಗ ಪರೀಕ್ಷೆಯ ದಿನಾಂಕದ ವಿಷಯಕ್ಕೆ ಬರೋಣ. ವಾಣಿಜ್ಯ ಪರವಾನಗಿಗೆ ಭಾರತದಲ್ಲಿ ಒಟ್ಟು 200 ಗಂಟೆಗಳ ಹಾರಾಟ ಬೇಕು. ಅದರಲ್ಲಿ 100 ಗಂಟೆ ಅಭ್ಯರ್ಥಿಯೇ ವಿಮಾನದ ಹೊಣೆ ಹೊತ್ತಿರಬೇಕು. ವಿಮಾನಯಾನ ಕ್ರಮ, ವಾಯುಗುಣಶಾಸ್ತ್ರ, ನಿಯಮಗಳು, ತಾಂತ್ರಿಕ ವಿಷಯಗಳ ಲಿಖಿತ ಪರೀಕ್ಷೆಗಳಲ್ಲಿ ಶೇಕಡ 70 ಅಂಕ ಗಳಿಸಬೇಕು. 1937ರ ನಿಯಮಗಳ ಎರಡನೆಯ ಅನುಸೂಚಿಯಲ್ಲಿ ಬಹುಕಾಲ ಇದ್ದ ಪ್ರಕಾರ ಕೌಶಲ ಪರೀಕ್ಷೆಗಳು ಹಲವು: ಹಗಲಿನ ಸಾಮಾನ್ಯ ಹಾರಾಟ, ರಾತ್ರಿಯ ಸಾಮಾನ್ಯ ಹಾರಾಟ, ಹಗಲಿನಲ್ಲಿ 250 ನಾಟಿಕಲ್ ಮೈಲಿಗಳ ದೂರಹಾರಾಟ, ರಾತ್ರಿಯಲ್ಲಿ 120 ನಾಟಿಕಲ್ ಮೈಲಿಗಳ ದೂರಹಾರಾಟ. ಇವೆಲ್ಲವೂ ಅರ್ಜಿ ಸಲ್ಲಿಸುವ ದಿನಕ್ಕೆ ಹಿಂದಿನ ಆರು ತಿಂಗಳೊಳಗೆ ನಡೆದಿರಬೇಕೆಂಬ ಷರತ್ತಿತ್ತು. ಅಭ್ಯಾಸ ತಪ್ಪಿದ ಕೈಗೆ ಪರವಾನಗಿ ಸಿಗಬಾರದೆಂಬುದು ಇದರ ಉದ್ದೇಶ.

ಆರು ತಿಂಗಳು ಸಾಕಷ್ಟು ದೀರ್ಘವೆಂದು ತೋರಬಹುದು. ಆದರೆ ನಮ್ಮ ನಾಡಿನ ಪಂಚಾಂಗವನ್ನು ಎದುರಿಗಿಟ್ಟುಕೊಂಡು ನೋಡಿ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ನೈಋತ್ಯ ಮಾರುತ. ತಗ್ಗಿನ ಮೋಡ, ಬಿರುಸಾದ ಪಡುವಣ ಗಾಳಿ. ಅಕ್ಟೋಬರಿನಲ್ಲಿ ಹಿಂಗಾರಿನ ಗುಡುಗು ಮಳೆ. ಡಿಸೆಂಬರ್, ಜನವರಿಯ ಮುಂಜಾವುಗಳಲ್ಲಿ ಬೆಂಗಳೂರಿನ ಸುತ್ತ ಮಂಜು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳಲ್ಲಿ ಬಿಸಿಗಾಳಿಯ ಕುಲುಕಾಟ, ಸಂಜೆ ಸಿಡಿಲುಮೋಡ. ಮಾರ್ಚಿಯಲ್ಲಿ ಮೊದಲ ಪರೀಕ್ಷೆ ಮುಗಿಸಿದವನಿಗೆ ಮೇ ಕೊನೆಯೊಳಗೆ ಉಳಿದವು ಮುಗಿಯದಿದ್ದರೆ, ಮಳೆ ನಿಲ್ಲುವ ಹೊತ್ತಿಗೆ ಮೊದಲನೆಯದರ ಅವಧಿಯೇ ತೀರಿರುತ್ತದೆ. ಮತ್ತೆ ವಿಮಾನದ ಬಾಡಿಗೆ, ಮತ್ತೆ ಪರೀಕ್ಷಕರ ದಿನಕ್ಕೆ ಕಾಯುವಿಕೆ. ಸಾಲ ಮಾಡಿ ಲಕ್ಷಾಂತರ ರೂಪಾಯಿ ಹೂಡಿದ ರೈತ ಕುಟುಂಬಕ್ಕೆ ಒಂದೊಂದು ಗಂಟೆಯೂ ಭಾರವೇ.

ಜಕ್ಕೂರಿನ ವಿದ್ಯಾರ್ಥಿಗಳು ಇದರ ಜೊತೆಗೆ ಬೇರೆ ಅಡಚಣೆಗಳನ್ನೂ ಕಂಡಿದ್ದಾರೆ. ಬಳ್ಳಾರಿ ರಸ್ತೆಯ ಮೇಲ್ಸೇತುವೆ ಬಂದಾಗ ಓಡುದಾರಿಯ ಬಳಸಬಹುದಾದ ಉದ್ದಕ್ಕೆ ಕುತ್ತು ಬಂತು. ಬೋಧಕರ ಕೊರತೆಯಿಂದ, ದುರಸ್ತಿಯಿಂದ ತರಬೇತಿ ಆಗಾಗ ನಿಂತಿತು. ಯಲಹಂಕದಲ್ಲಿ ವೈಮಾನಿಕ ಪ್ರದರ್ಶನ ನಡೆಯುವ ಫೆಬ್ರವರಿಯ ದಿನಗಳಲ್ಲಿ ಆ ವಾಯುಪ್ರದೇಶಕ್ಕೆ ನಿರ್ಬಂಧವಿರುತ್ತದೆ. ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರ 2021ರಲ್ಲಿ ಹೊಸ ತರಬೇತಿ ಸಂಸ್ಥೆಗಳಿಗಾಗಿ ಆರಿಸಿದ ಐದು ನಿಲ್ದಾಣಗಳಲ್ಲಿ ಬೆಳಗಾವಿ, ಕಲಬುರಗಿ ಎರಡೂ ಸೇರಿದ್ದಕ್ಕೆ ಈ ಹಿನ್ನೆಲೆಯಲ್ಲಿ ಮಹತ್ವವಿದೆ.

ಮುಂಜಾವೇ ಏಕೆ?

ದಿನ ಗೊತ್ತಾಯಿತು, ಹೊತ್ತು ಯಾವುದು? ಹಗಲಿನ ಪರೀಕ್ಷೆಗೆ ಬೋಧಕರು ಸಾಮಾನ್ಯವಾಗಿ ಬೆಳಗನ್ನೇ ಇಷ್ಟಪಡುತ್ತಾರೆ. ಜಕ್ಕೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ. ಸಮುದ್ರಮಟ್ಟದಲ್ಲಿ 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿಯ ಸಾಂದ್ರತೆ ಘನಮೀಟರಿಗೆ 1.225 ಕಿಲೋಗ್ರಾಂ. 3000 ಅಡಿಯಲ್ಲಿ ಉಷ್ಣತೆ 20 ಡಿಗ್ರಿ ಇದ್ದರೆ ಅದು ಸುಮಾರು 1.08ಕ್ಕೂ, 35 ಡಿಗ್ರಿ ಇದ್ದರೆ ಸುಮಾರು 1.03ಕ್ಕೂ ಇಳಿಯುತ್ತದೆ. ಆದರ್ಶ ಅನಿಲ ನಿಯಮವನ್ನು ಕಲಿತ ಯಾವ ವಿದ್ಯಾರ್ಥಿಯಾದರೂ ಇದನ್ನು ಲೆಕ್ಕ ಹಾಕಬಹುದು. ಏಪ್ರಿಲ್ ಮಧ್ಯಾಹ್ನ ಅಲ್ಲಿನ ವಿಮಾನ, ತಾನು 6000 ಅಡಿ ಎತ್ತರದ ಬೆಟ್ಟದ ಮೇಲಿರುವಂತೆ ವರ್ತಿಸುತ್ತದೆ!

ಪರಿಣಾಮವೇನು? ಅದೇ ಎತ್ತುಬಲ ಪಡೆಯಲು ಸಮುದ್ರಮಟ್ಟಕ್ಕಿಂತ ಶೇಕಡ 9ರಷ್ಟು ಹೆಚ್ಚು ವೇಗ ಬೇಕು. ವೇಗದ ವರ್ಗಕ್ಕೆ ತಕ್ಕಂತೆ ನೆಲದ ಮೇಲಿನ ಓಟ ಶೇಕಡ 19ರಷ್ಟು ಹೆಚ್ಚಬೇಕು. ತೆಳುಗಾಳಿಯಲ್ಲಿ ಎಂಜಿನ್ನೂ ದುರ್ಬಲವಾಗುವುದರಿಂದ ನಿಜವಾದ ಓಟ ಇನ್ನೂ ಉದ್ದ. ಅದರೊಂದಿಗೆ ಕಾದ ನೆಲದಿಂದ ಏಳುವ ಬಿಸಿಗಾಳಿಯ ಕಂಬಗಳು. ವಿಮಾನ ಇಳಿಯುತ್ತಿರುವಾಗ ಕಪ್ಪು ನೆಲದ ಮೇಲೆ ಮೇಲಕ್ಕೆ ನೂಕಲ್ಪಟ್ಟು, ಕೆರೆಯ ಮೇಲೆ ಕೆಳಕ್ಕೆ ಕುಸಿಯುತ್ತದೆ. 50 ಮೀಟರಿನ ಗುರುತಿಗೆ ಇಳಿಯಬೇಕಾದವನಿಗೆ ಇದು ಕಠಿಣ ಪರೀಕ್ಷೆ. ಎಂಜಿನ್ ಕೆಟ್ಟಾಗಿನ ಲೆಕ್ಕವೂ ಹೀಗೆಯೇ. ಸಣ್ಣ ತರಬೇತಿ ವಿಮಾನವೊಂದು 1 ಕಿ.ಮೀ. ಇಳಿಯುವಷ್ಟರಲ್ಲಿ ಸುಮಾರು 9 ಕಿ.ಮೀ. ತೇಲಬಲ್ಲುದು ಎಂದುಕೊಂಡರೂ ಅದು ಗಾಳಿಯಿಲ್ಲದ ವಾತಾವರಣದ ಮಾತು. ಎದುರುಗಾಳಿಯಲ್ಲಿ ಆ ದೂರ ಕುಗ್ಗುತ್ತದೆ.

ಚನ್ನಗಿರಿಯಿಂದ ಜಗಳೂರಿಗೆ ಒಂದು ಲೆಕ್ಕ

ದೂರಹಾರಾಟದ ಸಿದ್ಧತೆಯನ್ನು ನಮ್ಮೂರುಗಳ ಮೇಲೆಯೇ ಕಲ್ಪಿಸಿಕೊಳ್ಳೋಣ. ಚನ್ನಗಿರಿಯಿಂದ ಜಗಳೂರಿಗೆ ಆಕಾಶಮಾರ್ಗದಲ್ಲಿ ಸುಮಾರು 71 ಕಿ.ಮೀ. ದಿಕ್ಕು ಈಶಾನ್ಯ, ಉತ್ತರದಿಂದ ಪೂರ್ವಕ್ಕೆ ಸುಮಾರು 38 ಡಿಗ್ರಿ. ವಿಮಾನದ ವೇಗ ಗಂಟೆಗೆ 160 ಕಿ.ಮೀ. ಎಂದಿರಲಿ. ಗಾಳಿಯೇ ಇಲ್ಲದಿದ್ದರೆ 27 ನಿಮಿಷದೊಳಗೆ ತಲುಪಬಹುದು. ಈಗ ಆಷಾಢದ ಪಡುವಣ ಗಾಳಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಬೀಸುತ್ತಿದೆಯೆನ್ನಿ. ಅದನ್ನು ಲೆಕ್ಕಿಸದೆ ದಿಕ್ಸೂಚಿಯ 38 ಡಿಗ್ರಿಯನ್ನೇ ಹಿಡಿದು ಹೋದವನು ಅದೇ 27 ನಿಮಿಷಗಳ ಕೊನೆಗೆ ಜಗಳೂರಿನಿಂದ ಪೂರ್ವಕ್ಕೆ ಸುಮಾರು 18 ಕಿ.ಮೀ. ಆಚೆ ಇರುತ್ತಾನೆ. ಕೆಳಗೆ ಕಾಣುವ ಊರು ಯಾವುದೆಂದು ಅವನಿಗೆ ತಿಳಿಯುವುದಿಲ್ಲ.

ಸದಿಶ ಸಂಕಲನ ಬಲ್ಲವನು ಮೊದಲೇ ಲೆಕ್ಕ ಹಾಕುತ್ತಾನೆ. ಗಾಳಿಯ ಅಡ್ಡ ಘಟಕ ಗಂಟೆಗೆ ಸುಮಾರು 32 ಕಿ.ಮೀ.; ಹಿಂದಿನಿಂದ ನೂಕುವ ಘಟಕ ಸುಮಾರು 25 ಕಿ.ಮೀ. ವಿಮಾನದ ಮೂತಿಯನ್ನು 11 ಡಿಗ್ರಿಗಳಿಗಿಂತ ತುಸು ಹೆಚ್ಚು ಎಡಕ್ಕೆ, ಎಂದರೆ ಗಾಳಿಯತ್ತ ತಿರುಗಿಸಿ ಹಿಡಿದರೆ ದಾರಿ ನೇರವಾಗುತ್ತದೆ. ನೆಲದ ಮೇಲಿನ ವೇಗ ಗಂಟೆಗೆ ಸುಮಾರು 181 ಕಿ.ಮೀ. ಆಗಿ, ಸುಮಾರು 23 ನಿಮಿಷ 30 ಸೆಕೆಂಡಿನಲ್ಲಿ ಜಗಳೂರು ಬರುತ್ತದೆ.

ಲೆಕ್ಕ ಸರಿಯೇ ಎಂದು ತಿಳಿಯಲು ನೆಲದ ಗುರುತುಗಳಿವೆ. ಹೊರಟ ಸ್ವಲ್ಪ ಹೊತ್ತಿಗೆ ಎಡಗಡೆ ಸೂಳೆಕೆರೆಯ, ಎಂದರೆ ಶಾಂತಿಸಾಗರದ ವಿಶಾಲ ನೀರು. ಮುಂದೆ ಮೊದಲು ಚಿಕ್ಕಜಾಜೂರು–ದಾವಣಗೆರೆ ರೈಲುಹಳಿ, ಅನಂತರ ಚಿತ್ರದುರ್ಗ–ದಾವಣಗೆರೆ ಹೆದ್ದಾರಿ. ಇವನ್ನು ಯಾವ ನಿಮಿಷಕ್ಕೆ, ಯಾವ ಜಾಗದಲ್ಲಿ ದಾಟಿದೆ ಎಂದು ಬರೆದುಕೊಂಡರೆ ಗಾಳಿಯ ನಿಜವಾದ ವೇಗ ಹೊರಬೀಳುತ್ತದೆ. ಅಡಕೆ ತೋಟ, ಭದ್ರಾ ನಾಲೆಯ ಗದ್ದೆಗಳ ಹಸಿರು ಹಿಂದೆ ಸರಿದು, ಜಗಳೂರಿನ ಒಣ ಬಯಲು ಎದುರಾಗುತ್ತದೆ. ನ್ಯಾಮತಿ, ಹೊನ್ನಾಳಿಗಳ ನಡುವೆ ಕೇವಲ 13 ಕಿ.ಮೀ. ಇರುವುದರಿಂದ ಅವೆರಡನ್ನು ಅದಲುಬದಲಾಗಿ ಗುರುತಿಸುವ ಸಂಭವವಿದೆ. ಹೊನ್ನಾಳಿಯ ಅಂಚಿನ ತುಂಗಭದ್ರೆ ಆ ಗೊಂದಲವನ್ನು ಬಿಡಿಸುತ್ತದೆ. ಈಗ ಉಪಗ್ರಹ ಆಧಾರಿತ ಸಾಧನಗಳಿವೆ ನಿಜ. ಪರೀಕ್ಷಕರು ಅದನ್ನು ಬಳಸಬೇಡಿ ಎಂದ ಕ್ಷಣ 1932ರ ಬಳ್ಳಾರಿಯ ದಾರಿಯೇ ಗತಿ.

ಹೊರಡುವ ಮುನ್ನ ಮತ್ತೊಂದು ಲೆಕ್ಕವಿದೆ. ಎತ್ತಿನ ಗಾಡಿಗೆ ಹೇರು ತುಂಬುವವರು ಮುಂಭಾರ, ಹಿಂಭಾರ ನೋಡುತ್ತಾರೆ. ಹಿಂಭಾರವಾದರೆ ನೊಗವೇ ಮೇಲೇಳುತ್ತದೆ. ವಿಮಾನದಲ್ಲೂ ಚಾಲಕ, ಪರೀಕ್ಷಕ, ಇಂಧನ, ಸಾಮಾನುಗಳ ತೂಕವನ್ನು ಅವುಗಳ ದೂರದಿಂದ ಗುಣಿಸಿ, ಒಟ್ಟು ಗುರುತ್ವ ಕೇಂದ್ರ ನಿಗದಿತ ಮಿತಿಯೊಳಗಿದೆಯೆಂದು ತೋರಿಸಬೇಕು. ಹಿಂಭಾರವಾದ ವಿಮಾನ ಸ್ಟಾಲ್ ಆದರೆ ಮೂತಿಯನ್ನು ಕೆಳಗಿಳಿಸುವುದೇ ಕಷ್ಟ.

ಪರೀಕ್ಷೆ ಕಾಯುವುದು ಯಾರನ್ನು?

ವಿಮಾನಯಾನದ ವಲಯದಲ್ಲಿ ಒಂದು ಹಳೆಯ ಚೇಷ್ಟೆಯ ಮಾತಿದೆ: ಆಕಾಶದಲ್ಲಿ ಹಾರದೆ ದಿನಚರಿ ಪುಸ್ತಕದಲ್ಲಷ್ಟೇ ಬರೆದ ಗಂಟೆಗಳನ್ನು ‘ಪಾರ್ಕರ್ ಪೆನ್ನಿನ ಗಂಟೆಗಳು’ ಎನ್ನುತ್ತಾರೆ. ಇದು ನಗುವ ವಿಷಯವಲ್ಲ. 2011ರಲ್ಲಿ ಭಾರತದಲ್ಲಿ ವಿಮಾನವೊಂದು ಇಳಿಯುವಾಗ ಮುಂದಿನ ಚಕ್ರವನ್ನು ಮೊದಲು ನೆಲಕ್ಕೆ ತಾಗಿಸಿದ ಪ್ರಕರಣದ ವಿಚಾರಣೆ ನಡೆದಾಗ, ಚಾಲಕರ ಅಂಕಪಟ್ಟಿಯೇ ನಕಲಿ ಎಂಬುದು ಹೊರಬಿತ್ತು. ಮುಂದುವರಿದ ತನಿಖೆಯಲ್ಲಿ ಅಂಥ ಇನ್ನೂ ಕೆಲವು ಪ್ರಕರಣಗಳು ಸಿಕ್ಕಿದವು. ತಪ್ಪನ್ನು ಹೊರಗೆಡಹಿದ್ದು ಕಚೇರಿಯ ಕಡತವಲ್ಲ, ಓಡುದಾರಿ. ಆದರೆ ಓಡುದಾರಿ ಹೇಳುವವರೆಗೆ ಕಾಯುವುದೆಂದರೆ ನೂರಾರು ಪ್ರಯಾಣಿಕರ ಪ್ರಾಣವನ್ನು ಪಣಕ್ಕಿಟ್ಟಂತೆ.

ವಾಣಿಜ್ಯ ಪರವಾನಗಿಗೆ ಪದವಿಪೂರ್ವ ಮಟ್ಟದ ಭೌತವಿಜ್ಞಾನ ಮತ್ತು ಗಣಿತ ಕಡ್ಡಾಯವೆಂಬ ನಿಯಮವನ್ನು ಸಡಿಲಿಸಿ, ಕಲೆ ಮತ್ತು ವಾಣಿಜ್ಯ ವಿಭಾಗದವರಿಗೂ ಅವಕಾಶ ಕೊಡಬೇಕೆಂಬ ಚರ್ಚೆ 2025ರಲ್ಲಿ ನಡೆದಿದೆ. ಭೌತವಿಜ್ಞಾನದ ಅಧ್ಯಾಪಕನಾದ ನಾನು ಇದನ್ನು ವಿರೋಧಿಸುತ್ತೇನೆಂದು ಓದುಗರು ಊಹಿಸಬಹುದು. ಹಾಗೇನಿಲ್ಲ. ಬಾಗಿಲು ಎಲ್ಲರಿಗೂ ತೆರೆದಿರಲಿ. 1911ರ ವೈಮಾನಿಕರಲ್ಲಿ ಸೈಕಲ್ ರಿಪೇರಿ ಮಾಡುವವರೂ ಇದ್ದರು. ಆದರೆ ಪ್ರವೇಶದ ಅರ್ಹತೆ ಯಾವುದೇ ಇರಲಿ, ಗಾಳಿಯ ಸಾಂದ್ರತೆ, ತಿರುವಿನ ಹೊರೆ, ಗುರುತ್ವ ಕೇಂದ್ರ, ಸದಿಶಗಳ ಸಂಕಲನ ಇವು ಅಭ್ಯರ್ಥಿ ಯಾವ ವಿಭಾಗದಲ್ಲಿ ಓದಿದವನೆಂದು ಕೇಳುವುದಿಲ್ಲ. ಬಾಗಿಲು ಅಗಲವಾದಷ್ಟೂ ಹಾರಾಟ ಪರೀಕ್ಷೆ ಪ್ರಾಮಾಣಿಕವಾಗಿರಬೇಕು. ಅದಕ್ಕೆ ಬೇಕಾದಷ್ಟು ಪರೀಕ್ಷಕರು, ವಿಮಾನಗಳು, ಮೈದಾನಗಳು ಇರಬೇಕು. ಅವಧಿ ಮುಗಿಯುತ್ತದೆಂಬ ಆತುರದಲ್ಲಿ ಕೆಟ್ಟ ಹವೆಯಲ್ಲಿ ಹೊರಡುವ ಒತ್ತಡ ಯಾವ ವಿದ್ಯಾರ್ಥಿಗೂ ಬರಬಾರದು. ಇಂದು ಹಾರುವುದು ಬೇಡ ಎಂದು ತೀರ್ಮಾನಿಸಬಲ್ಲವನೂ ಒಳ್ಳೆಯ ಚಾಲಕನೇ.

ನಮ್ಮ ತಾಲ್ಲೂಕುಗಳ ಕಾಲೇಜುಗಳಲ್ಲಿ ವಿಮಾನವಿಲ್ಲದಿದ್ದರೂ ಈ ಸಿದ್ಧತೆಯನ್ನು ಇಂದೇ ಆರಂಭಿಸಬಹುದು. ಬೆಳಿಗ್ಗೆ 6 ಗಂಟೆಗೂ ಮಧ್ಯಾಹ್ನ 3 ಗಂಟೆಗೂ ಉಷ್ಣತೆ ಮತ್ತು ಒತ್ತಡಗಳನ್ನು ಅಳೆದು ಗಾಳಿಯ ಸಾಂದ್ರತೆಯನ್ನು ಲೆಕ್ಕ ಹಾಕಿ. ಭಾರತೀಯ ಸರ್ವೇಕ್ಷಣಾ ಇಲಾಖೆಯ ನಕ್ಷೆಯಲ್ಲಿ ಹೊನ್ನಾಳಿಯಿಂದ ಜಗಳೂರಿಗೆ ಗೆರೆ ಎಳೆಯಿರಿ. ಸುಮಾರು 80 ಕಿ.ಮೀ. ಬರಬೇಕು. ಆ ದಿನದ ಗಾಳಿಯ ದಿಕ್ಕು, ವೇಗಗಳನ್ನು ಸೇರಿಸಿ, ವಿಮಾನದ ಮೂತಿ ಎತ್ತ ತಿರುಗಿರಬೇಕೆಂದು ಕಂಡುಹಿಡಿಯಿರಿ. ಉತ್ತರವನ್ನು ಗೆಳೆಯರ ಉತ್ತರದೊಡನೆ ಹೋಲಿಸಿ ನೋಡಿ. ಮುಂದೆ ಇವರಲ್ಲಿ ಯಾರಾದರೂ ಪರೀಕ್ಷಕರ ಪಕ್ಕದಲ್ಲಿ ಕುಳಿತಾಗ ಈ ಲೆಕ್ಕಗಳು ಅವರಿಗೆ ಹೊಸದಾಗಿರುವುದಿಲ್ಲ.